ಸಾರಕ್ಕಿಯ ಹಾವಮ್ಮ

ಅಕ್ಕ ತಮ್ಮನಿಗೆ ಮರದ ಕೊಡತಿಯಿಂದ ಹೊಡೆದದ್ದು ನಿಜ. ತಮ್ಮ ಅಕ್ಕನ ಕೈಯನ್ನು ಹಾರೆಯಿಂದ ಜಜ್ಜಿದ್ದೂ ನಿಜ. ಎರಡರಲ್ಲಿ ಮೊದಲು ಆದದ್ದು ಯಾವುದು ಎಂದು ಕೇಳಿದರೆ ನಾನು ತಡವರಿಸುತ್ತೇನೆ. ಜಜ್ಜಿಹೋದದ್ದು ಎಡಗೈಯೋ ಬಲಗೈಯೋ ಎಂದು ಕೇಳಿದರೂ ಅಷ್ಟೇ. ಇತಿಹಾಸದಲ್ಲಿ ಎಂ.ಎ. ಮಾಡಿ, ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ಸುಲಭಕ್ಕೆ ನಂಬಬೇಡಿ ಎಂದು ವರ್ಷಗಟ್ಟಲೆ ಕಾಲೇಜು ಮಕ್ಕಳಿಗೆ ಹೇಳಿಕೊಂಡು ಬಂದವನು ನಾನು. ಇಲ್ಲಿ ಕಣ್ಣಾರೆ ಕಂಡವನು ನಾನೇ ಆಗಿರುವುದರಿಂದ ಓದುವವರು ಎಚ್ಚರದಿಂದಿರುವುದು ಒಳ್ಳೆಯದು.

ಆಕೆ ತೀರಿಕೊಂಡು ವರ್ಷ ದಾಟಿತು. ಹೆಸರು ಬರೆಯುವುದಿಲ್ಲ, ಬರೆದರೂ ಬೀದಿಯವರಿಗೆ ಗುರುತು ಸಿಗಲಿಕ್ಕಿಲ್ಲ. ಎದುರಿಗೆ ಎಲ್ಲರೂ ‘ಅಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಹಾವಮ್ಮ’ ಎನ್ನುತ್ತಿದ್ದರು. ಆಕೆಗೆ ಎರಡೂ ಗೊತ್ತಿತ್ತು. ಎರಡನೆಯದೇ ಹೆಚ್ಚು ಇಷ್ಟವಾಗಿತ್ತು ಎಂದು ನನ್ನ ಊಹೆ.

ನಾನು ಗದಗದ ಕಡೆಯವನು. ಜಯನಗರದಲ್ಲಿ ಕೆಲಸ ಸಿಕ್ಕಾಗ ಸಾರಕ್ಕಿಯಲ್ಲಿ ಆಕೆಯ ಮಹಡಿ ಮೇಲಿನ ಕೋಣೆಗೆ ಬಾಡಿಗೆಗೆ ಬಂದೆ. ಒಂದೇ ಸೈಟಿನಲ್ಲಿ ರಸ್ತೆಗೆ ಮುಖ ಮಾಡಿ ತಗಡಿನ ಶೆಡ್ಡು, ಅದರ ಹಿಂದೆ ಆಕೆಯ ಮನೆ, ಮೇಲೆ ನಾನು. ಮೊದಲ ದಿನ ಶೆಡ್ಡಿನ ಬಾಗಿಲಲ್ಲಿ ನಿಂತಾಗ ಆಕೆ ಮೊಣಕೈವರೆಗೂ ಬಿಳಿ ಬಳಿದುಕೊಂಡಿದ್ದರು.

“ಮೇಷ್ಟ್ರಾ? ಏನ್ ಪಾಠ?”

“ಹಿಸ್ಟರಿ ರೀ.”

“ಆ ‘ರೀ’ನ ಗೇಟಿನ್ ಹೊರಗೇ ಬಿಟ್ಟು ಬನ್ನಿ. ಈ ಮನೇಲಿ ‘ರೀ’ ಅನ್ನಿಸ್ಕೊಂಡೋನು ನನ್ ಗಂಡ ಒಬ್ಬನೇ. ಅವ್ನೂ ಹೋದ.”

ಗಂಡ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕೆಲಸದವನು. ಸೀಲಿಂಗಿನ ಹೂವು, ಗೋಡೆಯ ಅಂಚಿನ ಬಳ್ಳಿ ಇಂಥವನ್ನು ಅಚ್ಚು ಹಾಕಿ ಕೊಡುತ್ತಿದ್ದ. ಅವನು ಹೋದ ಮೇಲೆ ಹೆಂಡತಿ ಕೆಲಸ ಮುಂದುವರಿಸಿದರು. ಹೂವು ಬಳ್ಳಿ ಬೇಸರ ಬಂತಂತೆ. ಅಷ್ಟರಲ್ಲಿ ಯಾರೋ ಬಿಲ್ಡರು ತಮ್ಮ ಅಪಾರ್ಟ್‌ಮೆಂಟಿನ ಲಾಬಿಗೆ ‘ಗ್ರೀಕ್ ಸ್ಟೈಲ್’ ಬೇಕೆಂದು ಒಂದು ಫೋಟೋ ತಂದರು. ಯಾವುದೋ ಪುರಾತನ ಗುಡಿಯ ಗೋಡೆಯ ಉಬ್ಬುಶಿಲ್ಪ. ಒಬ್ಬ ಇನ್ನೊಬ್ಬನ ಗಂಟಲು ಹಿಸುಕುತ್ತಿದ್ದಾನೆ. ಆಕೆ ಅಲ್ಲಿಂದ ಹಿಂದೆ ನೋಡಲಿಲ್ಲ. ಮೊದಲು ಜೇಡಿಮಣ್ಣಿನಲ್ಲಿ ತಿದ್ದಿ, ಅದರ ಮೇಲೆ ರಬ್ಬರಿನ ಅಚ್ಚು ತೆಗೆದು, ತೆಂಗಿನ ನಾರು ಸೇರಿಸಿ ಪಿಒಪಿ ಸುರಿಯುವುದು. ಯಂತ್ರವಿಲ್ಲ, ಎಲ್ಲ ಕೈಯಲ್ಲೇ.

ಆದರೆ ಒಂದು ಹಟ. ಹೊಡೆದಾಟವಿಲ್ಲದ ಚಿತ್ರ ಮಾಡುತ್ತಿರಲಿಲ್ಲ. ಜೆ.ಪಿ. ನಗರದ ಹೆಂಗಸೊಬ್ಬರು ಬಚ್ಚಲುಮನೆಯ ಗೋಡೆಗೆಂದು, ಹೂಜಿಯಿಂದ ನೀರು ಸುರಿಯುವ ಗ್ರೀಕ್ ದೇವತೆಯ ಚಿತ್ರ ತಂದಿದ್ದರು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ನಿಂತ್ಕೊಂಡು ನೀರು ಹುಯ್ತಾ ಇದಾಳೆ. ಅಷ್ಟೇನಾ?”

“ಹೌದು, ಪೀಸ್‌ಫುಲ್ ಆಗಿದೆ ಅಲ್ವಾ?”

“ಇದಕ್ಕೆ ನಾನ್ಯಾಕೆ ಮೇಡಂ? ನಲ್ಲಿ ಹಾಕ್ಸ್ಕೊಳ್ಳಿ, ಸಾಕು.”

ನನ್ನ ಹಳೆಯ ಪಠ್ಯಪುಸ್ತಕವೊಂದರಲ್ಲಿ ಇಂಥ ಶಿಲ್ಪಗಳ ಫೋಟೋಗಳಿದ್ದವು. ಸಂಜೆ ಶೆಡ್ಡಿಗೆ ಇಳಿದರೆ ಪುಟ ತೆರೆದು ಆಕೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಇಲ್ಲಿ ಯಾರು ಯಾರ್ಗೆ ಹೊಡೀತಾ ಇರೋದು?” ನಾನು ಕತೆ ಹೇಳಬೇಕು. ಸ್ನಾನ ಮಾಡುತ್ತಿದ್ದ ದೇವತೆಯನ್ನು ಕಂಡ ತಪ್ಪಿಗೆ ಜಿಂಕೆಯಾಗಿ, ತಾನೇ ಸಾಕಿದ ನಾಯಿಗಳ ಬಾಯಿಗೆ ಸಿಕ್ಕ ಬೇಟೆಗಾರನ ಕತೆ ಕೇಳಿ ಆಕೆ ಒಂದು ವಾರ ಬೇರೆ ಕೆಲಸ ಮುಟ್ಟಲಿಲ್ಲ. ನಾಯಿಗಳಿಗೆ ಮಾದರಿ ನಮ್ಮ ಬೀದಿಯವೇ. ಮರಿ ಹಾಕದಂತೆ ಆಪರೇಷನ್ ಆದ ಬೀದಿನಾಯಿಗಳಿಗೆ ಕಿವಿಯ ತುದಿ ಕತ್ತರಿಸಿರುತ್ತಾರಲ್ಲ, ಆ ಗ್ರೀಕ್ ನಾಯಿಗಳಿಗೂ ಹಾಗೇ ಕಿವಿ ಕತ್ತರಿಸಿತ್ತು. ಒಂದು ನಾಯಿ ಬೇಟೆಗಾರನ ತೊಡೆಯಿಂದ ಮಾಂಸ ಕೀಳುತ್ತಿತ್ತು, ಇನ್ನೊಂದು ಕರುಳು ಎಳೆಯುತ್ತಿತ್ತು. ಯಾರು ಕೊಳ್ಳುತ್ತಾರೆ ಇದನ್ನು ಎಂದುಕೊಂಡೆ. ಹಲ್ಲಿನ ಡಾಕ್ಟರೊಬ್ಬರು ಬಂದು, “ಹಲ್ಲು ಸಖತ್ತಾಗಿ ಬಂದಿದೆ ಅಕ್ಕ” ಎಂದು ತಮ್ಮ ಕ್ಲಿನಿಕ್ಕಿಗೆ ಎತ್ತಿಕೊಂಡು ಹೋದರು.

ಅಚ್ಚಿನಿಂದ ತೆಗೆದಾಗ ಮೂಗಿನಲ್ಲೋ ಬೆರಳಲ್ಲೋ ಗಾಳಿಗುಳ್ಳೆ ಕಂಡರೆ ಆ ಪಿಒಪಿ ಹಲಗೆ ಮುಗಿಯಿತು. ಕೊಡತಿಯಿಂದ ಮೊದಲ ಏಟು ಮುಖಕ್ಕೇ. ಪುಡಿಯಾಗುವವರೆಗೂ ಬಿಡುತ್ತಿರಲಿಲ್ಲ. ಮಹಡಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ನನಗೆ ಕೆಳಗೆ ಒಬ್ಬ ಮನುಷ್ಯನನ್ನು ಬಡಿಯುತ್ತಿದ್ದಾರೆ ಎನಿಸುತ್ತಿತ್ತು. ಒಮ್ಮೆ ಓಡಿ ಇಳಿದಿದ್ದೆ. “ಮೂಗು ಸೊಟ್ಟಗಿತ್ತು” ಎಂದರು ಏದುಸಿರು ಬಿಡುತ್ತಾ. ಹಣೆಯ ಮೇಲೆ ಚೂರು ಹಾರಿ ಸೀಳಿ, ಬಿಳಿಯ ಮೇಲೆ ರಕ್ತ ಸಣ್ಣಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

ಹಾವಮ್ಮ ಎಂಬ ಹೆಸರು ಬಂದದ್ದು ಒಂದು ಮುಖದಿಂದ. ಗ್ರೀಕರ ಪುರಾಣದಲ್ಲಿ ಒಬ್ಬಳಿದ್ದಾಳೆ, ಕೂದಲೆಲ್ಲ ಹಾವು, ಅವಳನ್ನು ನೇರವಾಗಿ ನೋಡಿದವರು ಕಲ್ಲಾಗುತ್ತಾರೆ. ಅಗಲವಾದ ಮುಖ, ಕೆಕ್ಕರಿಸಿದ ಕಣ್ಣು, ಹೊರಚಾಚಿದ ನಾಲಗೆ. ಫೋಟೋ ನೋಡಿದ್ದೇ ಅಕ್ಕ ನಕ್ಕರು. “ಅಯ್ಯೋ, ಇದು ನಮ್ ದೃಷ್ಟಿ ಬೊಂಬೆ ಅಲ್ವಾ ಮೇಷ್ಟ್ರೇ!” ಕಟ್ಟುತ್ತಿರುವ ಮನೆಗೆ ಯಾರ ಕಣ್ಣೂ ಬೀಳದಿರಲೆಂದು ನಮ್ಮವರು ರಾಕ್ಷಸನ ಮುಖ ತೂಗುಹಾಕುತ್ತಾರಲ್ಲ, ಅದೇ. ಆಕೆ ಹೇಳಿದ್ದು ಸರಿಯಾಗಿಯೇ ಇತ್ತು; ಗ್ರೀಕರೂ ಅದನ್ನು ಗುಡಿಗೂ ಗುರಾಣಿಗೂ ಕಾವಲಿಗೆಂದೇ ಹಾಕುತ್ತಿದ್ದರು.

ಆ ಮುಖ ತಿದ್ದುವಾಗ ಹಳೇ ಸ್ಕೂಟರಿನ ಕನ್ನಡಿಯೊಂದನ್ನು ಮಣ್ಣಿನ ಮುದ್ದೆಗೆ ಸಿಕ್ಕಿಸಿ ಎದುರಿಗಿಟ್ಟುಕೊಂಡಿದ್ದರು. ಕಣ್ಣು ಕೆಕ್ಕರಿಸಿ, ನಾಲಗೆ ಚಾಚಿ, ಕನ್ನಡಿ ನೋಡಿಕೊಂಡು ಮಣ್ಣು ತಿದ್ದುವುದು. ತರಕಾರಿ ಗಾಡಿಯವನು ಹೆದರಿ ಸೊಪ್ಪು ಕೊಡದೆ ಹೋದ. ಹಾಗಾಗಿ ಹಾವಿನ ಕೂದಲನ್ನು ಬಿಟ್ಟರೆ ಆ ಮುಖ ಪೂರ್ತಿ ಆಕೆಯದೇ, ಎಡಹುಬ್ಬಿನ ಮೇಲಿನ ಗಾಯದ ಗೆರೆಯ ಸಮೇತ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುತ್ತದಲ್ಲ, ಗಾಯ ಬಲಹುಬ್ಬಿಗೆ ಬಂದಿರಬೇಕಿತ್ತೇನೋ. ಇಂಥ ಜಾಗಗಳಲ್ಲೇ ನನ್ನ ನೆನಪು ಕೈಕೊಡುವುದು.

ಕತೆಯ ಉಳಿದ ಭಾಗವನ್ನು ಕೇಳಿದಾಗ ಮಾತ್ರ ನಗು ಹೋಯಿತು. ಒಬ್ಬ ವೀರ ಬಂದು ಅವಳು ಮಲಗಿದ್ದಾಗ, ಗುರಾಣಿಯಲ್ಲಿ ಅವಳ ಬಿಂಬವನ್ನಷ್ಟೇ ನೋಡುತ್ತಾ ಕತ್ತು ಕತ್ತರಿಸಿದ, ಆಮೇಲೆ ಆ ತಲೆಯನ್ನೇ ಶತ್ರುಗಳಿಗೆ ತೋರಿಸಿ ತನ್ನನ್ನು ಕಾಪಾಡಿಕೊಂಡ ಎಂದೆ.

“ಕಡಿಯೋದೂ ಅವಳ್ನೇ, ಕಾವಲಿಗೆ ಇಟ್ಕೊಳ್ಳೋದೂ ಅವಳ್ನೇನಾ?”

“ಕತೆ ಹಾಗಿದೆ ಅಕ್ಕ.”

“ಕತೆ ಅಲ್ಲ ಇದು. ಥೂ, ನನ್ ಮಕ್ಳು.” ಮಣ್ಣಿನ ಮುದ್ದೆಯೊಂದನ್ನು ತೆಗೆದು ಗೋಡೆಗೆ ಬೀಸಿದರು. ಅದು ಅಲ್ಲೇ ಅಂಟಿಕೊಂಡಿತು.

ಮಾರುವಾಗ ಆಕೆ ಎಲ್ಲರಿಗೂ ಒಂದು ಎಚ್ಚರಿಕೆ ಹೇಳುತ್ತಿದ್ದರು: “ಪಿಒಪಿಗೆ ಮಳೆ ಆಗ್ಬರಲ್ಲ. ಮಳೇಲಿ ನೆಂದ್ರೆ ಮುಖ ಕರಗ್ಹೋಗುತ್ತೆ. ಕವರ್ ಹಾಕಿ.” ಪುಟ್ಟೇನಹಳ್ಳಿಯಿಂದ ಬನಶಂಕರಿಯವರೆಗೆ ಎಷ್ಟೋ ಅರೆಬರೆ ಕಟ್ಟಡಗಳ ಮೇಲೆ ಆ ಮುಖ ನಾಲಗೆ ಚಾಚಿಕೊಂಡು ತೂಗಾಡುತ್ತಿತ್ತು.

ಈಗ ತಮ್ಮನ ವಿಷಯ. ಅವರಪ್ಪನಿಗೆ ಸಾರಕ್ಕಿಯಲ್ಲಿ ರಾಗಿ ಬೆಳೆಯುವ ಹೊಲವಿತ್ತಂತೆ. ಲೇಔಟ್‌ಗೆ ಮಾರುವಾಗ ಮಗಳ ಸಹಿಯೂ ಬೇಕಾಯಿತು. ಈಕೆ ಹಾಕುವುದಿಲ್ಲ ಎಂದರು. ತಮ್ಮ ಆಕೆಯನ್ನು ಬಾವಿಕಟ್ಟೆಯಿಂದ ಜಡೆ ಹಿಡಿದು ಅಂಗಳದುದ್ದಕ್ಕೂ ಎಳೆದುಕೊಂಡು ಹೋಗಿ ಕಾರಿಗೆ ತಳ್ಳಿದ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಬಿತ್ತು. ಹುಬ್ಬಿನ ಗಾಯ ಅಂದಿನದು, ಕಾರಿನ ಬಾಗಿಲಿನದು. ಅಪ್ಪನಿಗೆ ನಾಚಿಕೆಯಾಗಿ ಈ ಒಂದು ಸೈಟನ್ನು ಮಗಳ ಹೆಸರಿಗೆ ಬಿಟ್ಟ. ಶೆಡ್ಡು ನಿಂತಿದ್ದ ನೆಲ ಅದೇ, ಆಕೆಗೆ ಉಳಿದಿದ್ದೂ ಅದೊಂದೇ. ಇದನ್ನು ಆಕೆ ನನಗೆ ಹೇಳಿದ್ದು ಜೇಡಿಮಣ್ಣು ತುಳಿಯುತ್ತಾ, ಪಕ್ಕದ ಮನೆಯ ಸುದ್ದಿ ಹೇಳಿದ ಹಾಗೆ.

ಲೇಔಟಿಗೆ ಹೋಗಿ ಉಳಿದ ಹಿಂದಿನ ಜಾಗವೆಲ್ಲ ತಮ್ಮನದು. ಅಲ್ಲಿ ಅಪಾರ್ಟ್‌ಮೆಂಟ್ ಏಳಬೇಕಾದರೆ ರಸ್ತೆಗೆ ಅಂಟಿದ ಈ ಸೈಟು ಬೇಕು. ಅವನ ಪರವಾಗಿ ಬಂದ ಬ್ರೋಕರನ್ನು ಅಕ್ಕ ನಗುನಗುತ್ತಾ ಮಾತಾಡಿಸಿದರು. ಮಾತಾಡುತ್ತಲೇ ಅವನ ಶೂಗಳ ಮೇಲೆ ಒಂದು ಬಾಂಡ್ಲಿ ಕಲಸಿದ ಪಿಒಪಿ ಸುರಿದರು. ಅವನು ಕಾಲು ಎತ್ತಿದಾಗಲೆಲ್ಲ ಕೊಡತಿ ಎತ್ತಿದರು. ಅದು ಗಟ್ಟಿಯಾದ ಮೇಲೆ, “ಹೂಂ, ಈಗ ಹೊರಡು” ಎಂದರು. ಅವನು ಶೂ ಬಿಟ್ಟು ಬರಿಗಾಲಲ್ಲಿ ಹೋದ. ಆ ಶೂಗಳು ನಾನಿದ್ದಷ್ಟು ದಿನವೂ ಶೆಡ್ಡಿನ ಬಾಗಿಲಿಗೆ ಒತ್ತುಕೊಟ್ಟುಕೊಂಡು ಇದ್ದವು.

ಆಮೇಲೆ ತಮ್ಮನೇ ಬಂದ. ಬಲಗೈಯಲ್ಲಿ ಹೆಬ್ಬೆರಳು ದಪ್ಪದ ಬೆಳ್ಳಿ ಕಡಗ, ಕೈಯಲ್ಲಿ ರೇಷ್ಮೆ ಸೀರೆಯ ಕವರು.

“ಅಕ್ಕಾ, ಹಳೇದೆಲ್ಲಾ ಮರ್ತ್‌ಬಿಡು. ಪುಟ್ಟೇನಹಳ್ಳೀಲಿ ಪಾರ್ಟಿ ಹಾಲ್ ಕಟ್ಟಿದೀನಿ. ಸ್ಟೇಜ್ ಹಿಂದೆ ಗೋಡೆಗೆ ಗ್ರೀಕ್ ಸ್ಟೈಲಲ್ಲಿ ಒಂದು ಮಾಡ್ಕೊಡು. ರಾಯಲ್ಲಾಗಿರ್ಬೇಕು. ಕುದ್ರೆ ಗಿದ್ರೆ ಹಾಕು.”

“ಸೈಟು?”

“ಅದು ಆಮೇಲೆ ನೋಡೋಣ. ನೀನೇ ಖುಷಿಯಾಗಿ ಸೈನ್ ಮಾಡ್ತೀಯ, ನೋಡ್ತಿರು.”

ಅಕ್ಕ ಸೀರೆ ತೆಗೆದುಕೊಂಡರು. ಅವನು ಹೋದ ಮೇಲೆ ನನ್ನನ್ನು ಕರೆದರು. “ಮೇಷ್ಟ್ರೇ, ಮದ್ವೇ ಮನೇಲಿ ಹೊಡೆದಾಟ ಆಗೋ ಕತೆ ಹೇಳಿದ್ರಲ್ಲ, ಆ ಪುಟ ತೆಗೀರಿ.”

ನಾನು ಅದನ್ನು ಯಾವಾಗ ಹೇಳಿದ್ದೆನೋ ನೆನಪಿಲ್ಲ. ಆಕೆಯೇ ಫೋಟೋ ನೋಡಿ ಊಹಿಸಿಕೊಂಡಿದ್ದರೂ ಇರಬಹುದು. ಕತೆಯಂತೂ ಇದೆ: ಸೊಂಟದಿಂದ ಮೇಲೆ ಮನುಷ್ಯ, ಕೆಳಗೆ ಕುದುರೆ, ಅಂಥವರನ್ನು ಒಂದು ಮದುವೆಗೆ ಕರೆಯುತ್ತಾರೆ. ಅವರು ಕುಡಿದು ಮದುಮಗಳ ಕೂದಲಿಗೇ ಕೈಹಾಕುತ್ತಾರೆ. ಊಟದ ಮನೆ ರಣರಂಗವಾಗುತ್ತದೆ. ಮದುವೆ ಮಾಡಿಸುವ ಹಾಲಿನ ಗೋಡೆಗೆ ಇದು. ತಮ್ಮ ನಡುನಡುವೆ ಬಂದು ನೋಡಿದ. ಕುದುರೆಯ ಕಾಲು, ಬಾಲ, ಮೈಕಟ್ಟು ಕಂಡು ಖುಷಿಪಟ್ಟ. “ಸೂಪರ್ ಅಕ್ಕಾ, ಎಷ್ಟು ಕುದ್ರೆ!” ಮುಖಗಳನ್ನೂ ನಡುವಿನ ದೃಶ್ಯವನ್ನೂ ಆಕೆ ಕೊನೆಗೆ ತಿದ್ದಿದರು. ಆಗ ಶೆಡ್ಡಿಗೆ ಒಳಗಿನಿಂದ ಚಿಲಕ.

ಹಾಲಿನ ಪ್ರಾರಂಭೋತ್ಸವದ ಬೆಳಿಗ್ಗೆ ಹೋಮ ಮುಗಿದಿತ್ತು. ಬೂದುಗುಂಬಳಕಾಯಿ ಒಡೆದಿದ್ದರು. ನಾನು ಮೆಟ್ಟಿಲ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಅಕ್ಕ ಅದೇ ರೇಷ್ಮೆ ಸೀರೆ ಉಟ್ಟು, ಅಂಚುಗಳನ್ನು ಕೊನೆಯ ಸಲ ಸರಿಮಾಡಲೆಂದು ತಂದ ಕೈಚೀಲದೊಡನೆ ಗೋಡೆಯ ಪಕ್ಕದಲ್ಲಿದ್ದರು. ತಮ್ಮ ಬಂದು ಗೋಡೆಗೆ ಮುಚ್ಚಿದ್ದ ಬಟ್ಟೆ ಸರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಡೀ ಗೋಡೆಯ ಅಗಲಕ್ಕೆ ಬಿಳಿಯ ಮೈಗಳು ಒಂದನ್ನೊಂದು ಕಚ್ಚಿ, ತುಳಿದು, ಎಳೆದಾಡುತ್ತಿದ್ದವು. ನಡುವೆ ಕುದುರೆಮನುಷ್ಯನೊಬ್ಬ ಹೆಣ್ಣೊಬ್ಬಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡಿದ್ದ.

ಅವರ ಚಿಕ್ಕಮ್ಮ, ಕಣ್ಣಿನ ಪೊರೆ ತೆಗೆಸಿಕೊಂಡು ಹೊಸ ಕನ್ನಡಕ ಹಾಕಿದ್ದ ಮುದುಕಿ, ಹತ್ತಿರ ಹೋಗಿ ಬೆರಳು ತೋರಿಸಿದರು.

“ಲೇ, ಇದು ನಮ್ಮ ಬಾವಿ ರಾಟೆ ಅಲ್ವೇನ್ರೇ? ಅಯ್ಯೋ, ಇವನು ಕಡಗ ಬೇರೆ ಹಾಕವ್ನೆ!”

ಗ್ರೀಕ್ ಕುದುರೆಮನುಷ್ಯನ ಬಲಗೈಯಲ್ಲಿ ಹೆಬ್ಬೆರಳು ದಪ್ಪದ ಕಡಗವಿತ್ತು. ಇಡೀ ಹಾಲಿನ ಕಣ್ಣು ಅಲ್ಲಿಂದ ಇಳಿದು ಅವನ ಕೈಗೆ ಬಂತು. ಮೊದಲು ನಕ್ಕವನು ಅವನೇ. ಅವನ ಹೆಂಡತಿ ನಗಲಿಲ್ಲ. “ತೆಗ್ಸ್ರೀ ಅದನ್ನ,” ಎಂದಳು.

ಇಲ್ಲಿಂದ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಅವನು ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ಕುದುರೆಮನುಷ್ಯನ ಮುಖಕ್ಕೆ, ಅಂದರೆ ತನ್ನ ಮುಖಕ್ಕೇ, ಬೀಸುತ್ತಾನೆ. ಆಮೇಲೆ ಅಕ್ಕ ಕೈಚೀಲದಿಂದ ಕೊಡತಿ ತೆಗೆಯುತ್ತಾರೆ. ಇನ್ನೊಂದರಲ್ಲಿ ಅವನು ಹಾರೆಗೆ ಕೈಚಾಚುವ ಮೊದಲೇ ಕೊಡತಿ ಅವನ ಕಿವಿಯ ಮೇಲೆ ಬಿದ್ದಿದೆ, ಆಕೆ ಅದಕ್ಕೆಂದೇ ಕಾದು ನಿಂತಿದ್ದ ಹಾಗೆ. ಎರಡರಲ್ಲೂ ಕಿವಿ ಹರಿದು ಬಿಳಿ ಅಂಗಿ ಕೆಂಪಾಗುತ್ತದೆ. ಎರಡರಲ್ಲೂ ಅವನು ಕುರುಡನಂತೆ ಬೀಸುತ್ತಾನೆ, ಕುದುರೆಗಳ ಕಾಲು, ತಲೆ, ತೋಳು ಜನರ ಮೇಲೆ ಉದುರುತ್ತವೆ, ಪುರೋಹಿತರು ಕಳಶವನ್ನು ಅವುಚಿಕೊಂಡು ಬೋರಲು ಬೀಳುತ್ತಾರೆ, ಅಡುಗೆಯವರು ಸೌಟು ಹಿಡಿದೇ ಓಡಿಬರುತ್ತಾರೆ. ಗೋಡೆಯ ಮೇಲಿನದು ಯಾವುದು ಕೆಳಗಿನದು ಯಾವುದು ಎಂದು ಧೂಳಿನಲ್ಲಿ ತಿಳಿಯಲಿಲ್ಲ. ಅವನು ಗೋಡೆಯ ಮದುಮಗಳ ಮುಖಕ್ಕೆ ಹಾರೆ ಎತ್ತಿದಾಗ ಅಕ್ಕ ಆ ಮುಖದ ಮೇಲೆ ಅಂಗೈ ಒತ್ತಿ ಹಿಡಿದರು. ಅವನು ಎತ್ತಿದ್ದನ್ನು ನಿಲ್ಲಿಸಲಿಲ್ಲ. ಅಥವಾ ನಿಲ್ಲಿಸಲಾಗಲಿಲ್ಲ. ಆ ಶಬ್ದ ಮಾತ್ರ ನನಗೆ ಖಚಿತವಾಗಿ ನೆನಪಿದೆ. ಪಿಒಪಿ ಒಡೆಯುವ ಶಬ್ದ ಹಾಗಿರುವುದಿಲ್ಲ.

ಪೊಲೀಸರು ಬಂದರು, ಮನೆಯ ಜಗಳ ಎಂದು ಹೋದರು. ನೆನಪು ಸರಿಪಡಿಸಿಕೊಳ್ಳಲು ಮುಂದೊಂದು ದಿನ ಆ ಚಿಕ್ಕಮ್ಮನನ್ನೇ ಕೇಳಿದೆ, ಮೊದಲು ಹೊಡೆದವರು ಯಾರು ಎಂದು. ಅವರು ನನ್ನನ್ನೇ ದಿಟ್ಟಿಸಿದರು. “ನೀವೆಲ್ಲಿದ್ರಿ ಸಾರ್ ಅಲ್ಲಿ? ನಾನ್ ನೋಡ್ಲೇ ಇಲ್ವಲ್ಲ?” ನಾನು ಇದ್ದೆ ಎಂಬುದಕ್ಕೆ ನನ್ನ ಬಳಿ ಒಂದು ಒಡೆದ ಕುದುರೆಗೊರಸು ಇದೆ, ಅಂದು ನೆಲದಿಂದ ಎತ್ತಿಕೊಂಡದ್ದು. ಅಕ್ಕನೇ ಆಮೇಲೆ ಕೊಟ್ಟಿದ್ದರೂ ಕೊಟ್ಟಿರಬಹುದು.

ಕೈ ಸರಿಹೋಗಲಿಲ್ಲ. ನನ್ನ ನೆನಪಿನಲ್ಲಿ ಅದು ಬಲಗೈ. ಆದರೆ ಆ ಮೇಲೂ ಆಕೆ ಬಲಗೈಯಲ್ಲೇ ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದುದೂ ನೆನಪಿದೆ. ಎರಡೂ ಸರಿಯಿರಲಾರದು. ದೊಡ್ಡ ಹಲಗೆಗಳು ನಿಂತವು. ಹಾವಮ್ಮನ ಮುಖವೊಂದನ್ನು ಮಾತ್ರ ಮಾಡುತ್ತಿದ್ದರು, ಹಳೇ ಅಚ್ಚು ಇತ್ತಲ್ಲ. ಸಹಿ ಹಾಕಿಲ್ಲ ಎಂಬುದೇ ಆಗ ಆಕೆಯ ಸಂಭ್ರಮ. ಅಂಗಡಿಗೆ ಹೋದರೂ ಹೇಳುವರು, “ಕೈ ಮುರ್ದ, ಸೈನ್ ಹಾಕ್ಸಕ್ಕಾಗ್ಲಿಲ್ಲ.”

ಆಕೆ ತೀರಿಕೊಳ್ಳುವ ಹೊತ್ತಿಗೆ ನಾನು ಗಿರಿನಗರಕ್ಕೆ ಮನೆ ಬದಲಿಸಿದ್ದೆ. ಎಲ್ಲೂ ಬಹಳ ಕಾಲ ನಿಲ್ಲುವ ಜಾಯಮಾನ ನನ್ನದಲ್ಲ. ಸಾವಿನ ಸುದ್ದಿ ಹೇಳಿದ್ದು ತರಕಾರಿ ಗಾಡಿಯವನು. ಕಲಸುತ್ತಿರುವಾಗಲೇ ಪಾರ್ಶ್ವವಾಯು ಬಡಿದು ಬಿದ್ದರಂತೆ, ಒಳ್ಳೆಯ ಕೈ ಬಾಂಡ್ಲಿಯೊಳಗೇ ಇತ್ತಂತೆ. ಪಿಒಪಿ ಗಟ್ಟಿಯಾಗುವಾಗ ಸುಡುತ್ತದೆ. ಜನ ನೋಡುವ ಹೊತ್ತಿಗೆ ಮಣಿಕಟ್ಟಿನವರೆಗೆ ಕೈ ಕಲ್ಲಿನೊಳಗೆ ಹೂತಿತ್ತು. ಉಸಿರಿರಲಿಲ್ಲ. ತಮ್ಮ ಬಂದು, ಯಾರಿಗೂ ಮುಟ್ಟಲು ಬಿಡದೆ, ಆಕೆಯ ಕೊಡತಿಯಿಂದಲೇ ಅದನ್ನು ಚೂರುಚೂರಾಗಿ ಬಿಡಿಸಿದನಂತೆ. “ಮೊಟ್ಟೆ ಸುಲಿದಂಗೆ ಸುಲಿದ ಸಾರ್. ಅಷ್ಟು ಮೆಲ್ಲಗೆ ಅವನು ಏನನ್ನೂ ಒಡೆದಿದ್ನ ನಾನು ಕಂಡಿಲ್ಲ,” ಎಂದ ಗಾಡಿಯವನು.

ಮಕ್ಕಳಿರಲಿಲ್ಲ, ವಿಲ್ ಬರೆದಿರಲಿಲ್ಲ. ಅಪ್ಪನ ಕಡೆಯಿಂದ ಬಂದ ಸೈಟು ಅಪ್ಪನ ಕಡೆಗೇ ವಾಪಸು ಹೋಯಿತು. ಯಾರ ಸಹಿಯೂ ಬೇಕಾಗಲಿಲ್ಲ.

ಹೋದ ವಾರ ಸಾರಕ್ಕಿ ಸಂತೆಗೆಂದು ಹೋದವನು ಆ ಬೀದಿಗೆ ತಿರುಗಿದೆ. ಶೆಡ್ಡಿಲ್ಲ. ರಸ್ತೆಯ ಅಂಚಿನವರೆಗೂ ಕಂಬ, ಕಬ್ಬಿಣ. ಮೊದಲ ಮಹಡಿಯ ತೊಲೆಗೆ ಹಗ್ಗ ಕಟ್ಟಿ ಹಾವಮ್ಮನನ್ನು ತೂಗುಹಾಕಿದ್ದರು. ಕೆಕ್ಕರಿಸಿದ ಕಣ್ಣು, ಚಾಚಿದ ನಾಲಗೆ, ಹುಬ್ಬಿನ ಮೇಲೆ ಗೆರೆ. ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಮ್ಮ ಕುಳಿತಿದ್ದ, ಕಟ್ಟಡಕ್ಕೆ ಬೆನ್ನು ಮಾಡಿ. ಮುದುಕನಾಗಿದ್ದ. ಕಡಗ ಇರಲಿಲ್ಲ.

“ಬನ್ನಿ ಮೇಷ್ಟ್ರೇ. ಆ ಕಡೆ ಕೂತ್ಕೋಬೇಡಿ, ಈ ಕಡೆ ಬನ್ನಿ. ಅದರ ಎದುರಿಗೆ ಕೂತ್ರೆ ತಲೆನೋವು ಬರುತ್ತೆ.”

“ದೃಷ್ಟಿಗೆ ಅಂಗಡೀಲಿ ಬೇರೆ ಸಿಗ್ತಿತ್ತಲ್ಲ?”

“ಎಲ್ಲಾ ತಂದೆ ಸಾರ್. ರಾಕ್ಷಸನ್ನ ತಂದೆ, ಕುಂಬಳಕಾಯಿ ಕಟ್ಟಿದೆ. ಮೋಲ್ಡಿಗೆ ಕಟ್ಟಿದ್ದ ಸೆಂಟ್ರಿಂಗ್ ಎರಡ್ ಸಲ ಕುಸೀತು, ಒಬ್ಬನ ಕಾಲು ಹೋಯ್ತು. ಆಮೇಲೆ ಇವಳನ್ನ ಹಾಕ್ದೆ. ಕುಸಿಯೋದು ನಿಂತೋಯ್ತು.” ಬೆನ್ನ ಹಿಂದಕ್ಕೆ ಹೆಬ್ಬೆರಳು ತೋರಿಸಿದ. “ಬದುಕಿದ್ದಾಗ್ಲೂ ಇವಳು ಬಾಗ್ಲಲ್ಲಿದ್ರೆ ಒಬ್ನೂ ಒಳಗೆ ಬರ್ತಿರ್ಲಿಲ್ಲ.”

ನಾನು ಕೇಳಬಾರದಿತ್ತೇನೋ. ಆದರೆ ಬಹಳ ದಿನದಿಂದ ಕಾಡುತ್ತಿದ್ದ ಪ್ರಶ್ನೆ.

“ಅವತ್ತು ಏಟು ಬಿದ್ದದ್ದು ಯಾವ ಕೈಗೆ?”

ಅವನು ಯೋಚಿಸಲಿಲ್ಲ. “ಎಡಗೈ. ಕಿರುಬೆರಳು, ಉಂಗುರದ ಬೆರಳು, ಆಮೇಲೆ ಇಲ್ಲಿ.” ತನ್ನ ಎಡ ಅಂಗೈಯ ಅಂಚನ್ನು ಮುಟ್ಟಿ ತೋರಿಸಿದ. ಆ ಜಾಗವನ್ನು ಮುಟ್ಟಿ ಮುಟ್ಟಿ ರೂಢಿಯಾದವನ ಹಾಗೆ ಬೆರಳು ನೇರ ಅಲ್ಲಿಗೇ ಹೋಯಿತು. “ನಾನೇ ಮೊದ್ಲು ಹೊಡೆದಿದ್ದು ಸಾರ್. ಯಾರೂ ಕೇಳ್ಲಿಲ್ಲ.”

ಮಳೆಯ ದಪ್ಪ ಹನಿಗಳು ಬೀಳತೊಡಗಿದವು. ಅವನು ಕೂತಲ್ಲಿಂದಲೇ ಕೂಗಿದ, “ಏಯ್, ಮೇಲೆ ಯಾರೋ ಅದು? ಮುಖಕ್ಕೆ ಕವರ್ ಕಟ್ರೋ! ನೆನೆದ್ರೆ ಕರಗ್ಹೋಗುತ್ತೆ!”

ಕೂಲಿಯವನೊಬ್ಬ ಪ್ಲಾಸ್ಟಿಕ್ ಹಾಳೆ ತಂದು ಹಾವಮ್ಮನ ತಲೆಗೆ ಹೊದಿಸಿದ. ಗಾಳಿಗೆ ಅದು ಹಾರಿ ಹಾರಿ ಹೋಗುತ್ತಿತ್ತು. ಹಗ್ಗ ಹಿಡಿದು ಮುಖದ ಕೆಳಗೆ ತಡಕಾಡಿದ. ನನ್ನ ಊರ ಕಡೆಯ ದನಿಯಲ್ಲಿ ಮೇಲಿನಿಂದ ಕೇಳಿದ:

“ಎಲ್ಲಿ ಕಟ್ಲಿ ಅಣ್ಣಾ? ಕುತ್ತಿಗಿನ ಇಲ್ಲಲ್ಲ ಇದಕ್ಕ?”

ತಮ್ಮ ಕುರ್ಚಿಯನ್ನು ಇನ್ನಷ್ಟು ರಸ್ತೆಯ ಕಡೆಗೆ ಎಳೆದುಕೊಂಡ. ತಿರುಗಿ ನೋಡಲಿಲ್ಲ.